ಸ್ಟೆಮ್ ಸೆಲ್ ಕಸಿ, ಕ್ಯಾನ್ಸರ್ ಸಂಶೋಧನೆ: ಧಾರವಾಡದಿಂದ ಹೋಗುವವರಿಗೆ ದಾರಿ ಯಾವುದು?

ಪ್ರಶ್ನೆ: ಬಿಎಸ್ಸಿ ಕೊನೆಯ ವರ್ಷದ ವಿದ್ಯಾರ್ಥಿನಿ, ಧಾರವಾಡ

ನಮಸ್ಕಾರ. ನಮ್ಮ ದೊಡ್ಡಪ್ಪನಿಗೆ ಮೈಲೋಮಾ ಅನ್ನುವ ರಕ್ತದ ಕ್ಯಾನ್ಸರ್ ಬಂದು ಬೆಂಗಳೂರಿನಲ್ಲಿ ಸ್ಟೆಮ್ ಸೆಲ್ ಕಸಿ ಮಾಡಿಸಿದೆವು. ಆಸ್ಪತ್ರೆಯಲ್ಲಿ ಜೊತೆಗಿದ್ದವರು ನಾನು ಮತ್ತು ನನ್ನ ತಮ್ಮ. ಆಗಿನಿಂದ ಇಬ್ಬರಿಗೂ ಇದೇ ಹುಚ್ಚು. ಅವನು ಸೆಕೆಂಡ್ ಪಿಯು, ನೀಟ್ ತಯಾರಿ ನಡೆದಿದೆ. ನಾನು ಬಿಎಸ್ಸಿಯಲ್ಲಿ ಝುವಾಲಜಿ ಓದುತ್ತಿದ್ದೇನೆ. ಈ ಸಂಶೋಧನೆಗೆ ಡಾಕ್ಟರಾಗಿಯೇ ಹೋಗಬೇಕಾ, ಲ್ಯಾಬ್ ಕಡೆಯಿಂದಲೂ ಆಗುತ್ತದಾ? ಅಪ್ಪ ಕೇಳುವುದು ಒಂದೇ: ಎಷ್ಟು ವರ್ಷ ಓದಬೇಕು, ಸಂಬಳ ಯಾವಾಗ? ಈ ದಾರಿಯಲ್ಲಿ ಇರುವವರು ದಯವಿಟ್ಟು ಹೇಳಿ.

ಉತ್ತರ: ರಕ್ತರೋಗ ವೈದ್ಯ, ಮೂಲ ಹುಬ್ಬಳ್ಳಿ

ಫೀಸು ಕಟ್ಟುವವರು ಅಪ್ಪ, ಹಾಗಾಗಿ ಅವರಿಗೆ ಮೊದಲು ಉತ್ತರ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಜನರಲ್ ಮೆಡಿಸಿನ್ ಅಥವಾ ಮಕ್ಕಳ ವಿಭಾಗದಲ್ಲಿ ಎಂಡಿ ಮೂರು ವರ್ಷ. ಅದರ ಮೇಲೆ ಕ್ಲಿನಿಕಲ್ ಹೆಮಟಾಲಜಿ ಅಥವಾ ಮೆಡಿಕಲ್ ಆಂಕಾಲಜಿಯಲ್ಲಿ ಡಿಎಂ ಮೂರು ವರ್ಷ. ಒಟ್ಟು ಹನ್ನೊಂದೂವರೆ. ನಡುವೆ ಎಂಡಿಗೆ ನೀಟ್ ಪಿಜಿ, ಡಿಎಂಗೆ ನೀಟ್ ಎಸ್‌ಎಸ್ ಪ್ರವೇಶ ಪರೀಕ್ಷೆ ಬರುತ್ತವೆ. ಒಂದೇ ಏಟಿಗೆ ಬೇಕಾದ ಸೀಟು ಸಿಗದವರೇ ಜಾಸ್ತಿ, ಅದಕ್ಕೆ ಒಂದೆರಡು ವರ್ಷ ಕೈಯಲ್ಲಿ ಇಟ್ಟುಕೊಳ್ಳಿ. ಇಂಟರ್ನ್‌ಶಿಪ್‌ನಿಂದಲೇ ಸ್ಟೈಪೆಂಡ್ ಬರುತ್ತದೆ, ಎಂಡಿ ಮತ್ತು ಡಿಎಂನಲ್ಲಿ ಸಂಸಾರ ನಡೆಸುವಷ್ಟು. ಸೀಟು ತೆಗೆದುಕೊಳ್ಳುವಾಗ ಬಾಂಡ್ ಷರತ್ತು ಪೂರ್ತಿ ಓದಿ, ಒಂದೊಂದು ಕಡೆ ಒಂದೊಂದು ಥರ ಇರುತ್ತದೆ.

ಇನ್ನು ಕೆಲಸದ ಬಗ್ಗೆ. ಕಸಿ ಅಂದ ತಕ್ಷಣ ಜನ ಆಪರೇಷನ್ ಅಂದುಕೊಳ್ಳುತ್ತಾರೆ. ನೀವು ಕಣ್ಣಾರೆ ನೋಡಿದ್ದೀರಿ, ಅದು ರಕ್ತದ ಬಾಟಲಿ ಏರಿಸಿದ ಹಾಗೆಯೇ ಮುಗಿದುಹೋಗುತ್ತದೆ. ಮೈಲೋಮಾದಲ್ಲಿ ಕ್ಯಾನ್ಸರ್ ಕೊಲ್ಲುವುದು ಸ್ಟೆಮ್ ಸೆಲ್ ಅಲ್ಲ, ಅದಕ್ಕೂ ಮುಂಚೆ ಕೊಡುವ ಮೆಲ್ಫಲಾನ್ ಅನ್ನುವ ಕೀಮೋ ಔಷಧ. ಆ ಡೋಸು ಅಸ್ಥಿಮಜ್ಜೆಯನ್ನೂ ಸುಟ್ಟುಹಾಕುತ್ತದೆ. ಮೊದಲೇ ತೆಗೆದಿಟ್ಟ ಸ್ವಂತ ಸೆಲ್‌ಗಳನ್ನು ವಾಪಸ್ ಕೊಟ್ಟು ರಕ್ತ ಮತ್ತೆ ಹುಟ್ಟುವಂತೆ ಮಾಡುತ್ತೇವೆ. ಬಿಳಿ ರಕ್ತಕಣ ಏರಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ದಿನಗಳಲ್ಲಿ ಜ್ವರ ಬಂದರೆ ರಾತ್ರಿ ಎರಡು ಗಂಟೆಗೂ ಓಡಬೇಕು. ಬಾಯಿ ತುಂಬ ಹುಣ್ಣಾಗಿ ನೀರೂ ಇಳಿಯದ ರೋಗಿ ನಿಮ್ಮನ್ನೇ ನೋಡುತ್ತಿರುತ್ತಾರೆ. ತಮ್ಮನಿಗೆ ಇಷ್ಟವಾದದ್ದು ಈ ಕೆಲಸವಾ ಅಥವಾ ಮೈಕ್ರೋಸ್ಕೋಪಾ, ಅದನ್ನು ಅವನನ್ನೇ ಕೇಳಿ.

ಬೇರೆಯವರ ಸೆಲ್ ಹಾಕಿದಾಗ ಕಥೆ ಪೂರ್ತಿ ಬೇರೆ. ಬಂದ ಸೆಲ್‌ಗಳು ರೋಗಿಯ ಚರ್ಮ, ಕರುಳು, ಲಿವರ್ ಮೇಲೇ ಬೀಳುವುದುಂಟು. ಅದೇ ಸಿಟ್ಟು ಉಳಿದ ಲ್ಯುಕೀಮಿಯಾವನ್ನೂ, ಅಂದರೆ ರಕ್ತದ ಕ್ಯಾನ್ಸರನ್ನೂ, ಕೊಲ್ಲುತ್ತದೆ. ಮೊದಲನೆಯದನ್ನು ತಡೆದು ಎರಡನೆಯದನ್ನು ಉಳಿಸಿಕೊಳ್ಳುವುದು ಹೇಗೆ? ನಮ್ಮ ಕ್ಷೇತ್ರದ ಅರ್ಧ ಸಂಶೋಧನೆ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ತಾಳ್ಮೆ ಎಷ್ಟು ಬೇಕು ಅಂತ ತಿಳಿಯಲು ಅಸ್ಥಿಮಜ್ಜೆ ಕಸಿಗೆ ದಾರಿ ಮಾಡಿಕೊಟ್ಟ ಅಮೆರಿಕದ ವೈದ್ಯ ಡೊನಾಲ್ ಥಾಮಸ್ ಅವರ ಕಥೆ ಓದಿ. ಅಸ್ಥಿಮಜ್ಜೆ ಕೊಟ್ಟ ಆರು ರೋಗಿಗಳ ಬಗ್ಗೆ ಅವರು ಬರೆದದ್ದು 1957ರಲ್ಲಿ, ನಮ್ಮ ಹುಬ್ಬಳ್ಳಿಯ ಮೆಡಿಕಲ್ ಕಾಲೇಜು ಶುರುವಾದ ವರ್ಷ. ಆರರಲ್ಲಿ ಒಬ್ಬರೂ ಉಳಿಯಲಿಲ್ಲ. ಅರವತ್ತರ ದಶಕದಲ್ಲಿ ಬಹಳ ಮಂದಿ ಇದು ಆಗದ ಮಾತು ಅಂತ ಕೈಬಿಟ್ಟರು. ಥಾಮಸ್ ಮಾತ್ರ ನಾಯಿಗಳ ಮೇಲೆ ಪ್ರಯೋಗ ಮುಂದುವರಿಸಿದರು. ಅಂಗಾಂಶದ ಗುರುತು ಹೊಂದುವ ಒಡಹುಟ್ಟಿದವರಿಂದ ಕಸಿ ಮಾಡಲು 1969ರಲ್ಲಿ ಮತ್ತೆ ರೋಗಿಗಳ ಹತ್ತಿರ ಬಂದರು. ನೊಬೆಲ್ ಬಂದದ್ದು 1990ರಲ್ಲಿ. ಅವರ ಹೆಂಡತಿ ಡಾಟಿ ಥಾಮಸ್ ಪತ್ರಿಕೋದ್ಯಮ ಓದುತ್ತಿದ್ದವರು. ಲ್ಯಾಬ್ ಕೆಲಸ ಕಲಿತು ಜೀವನಪೂರ್ತಿ ಜೊತೆಗೆ ದುಡಿದರು, ಪ್ರಬಂಧಗಳನ್ನು ತಿದ್ದಿದರು. ನೊಬೆಲ್ ಪಟ್ಟಿಯಲ್ಲಿ ಅವರ ಹೆಸರಿಲ್ಲ. ನನಗೆ ಅದು ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ನಮ್ಮ ದೇಶದ್ದೂ ಗೊತ್ತಿರಲಿ. 1983ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಡಾ. ಸುರೇಶ್ ಅಡ್ವಾಣಿ ಒಂಬತ್ತು ವರ್ಷದ ಹುಡುಗಿಗೆ ಕಸಿ ಮಾಡಿದರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ವೀಲ್‌ಚೇರ್ ಮೇಲೆ ಓಡಾಡುವವರು ಅವರು, ಸಿಯಾಟಲ್‌ನಲ್ಲಿ ಥಾಮಸ್ ಅವರ ಕೇಂದ್ರದಲ್ಲಿ ಕಲಿತು ಬಂದವರು. 1986ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲೂ ಶುರುವಾಯಿತು.

ತಮ್ಮನಿಗೆ ಒಂದು ಉಪಯೋಗದ ಮಾತು. ಎಂಬಿಬಿಎಸ್ ಓದುವಾಗಲೇ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎರಡು ತಿಂಗಳ ವಿದ್ಯಾರ್ಥಿ ಸಂಶೋಧನಾ ಯೋಜನೆಗೆ ಅರ್ಜಿ ಹಾಕಬಹುದು. ಅದಕ್ಕೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಹುಬ್ಬಳ್ಳಿ, ಗದಗ, ಹಾವೇರಿ ಕಾಲೇಜಿನಲ್ಲಿ ಒಬ್ಬ ಒಳ್ಳೆಯ ಗೈಡ್ ಸಿಕ್ಕರೆ ಸಾಕು.

ತಂಗಿ, ನಿಮಗೆ ನನ್ನ ಅಭಿಪ್ರಾಯ ಸ್ವಲ್ಪ ಕಹಿ ಅನ್ನಿಸಬಹುದು. ಪಿಎಚ್‌ಡಿ ಮಾಡಿದವರಿಗೆ ವಾರ್ಡಿನ ನಿರ್ಧಾರದಲ್ಲಿ ಮಾತು ಕಡಿಮೆ. ರೋಗಿ ಡಾಕ್ಟರ ಕೈಯಲ್ಲಿ, ಸಂಶೋಧನೆಯ ಪ್ರಶ್ನೆಯೂ ಅವರ ಕೈಯಲ್ಲಿ.

ಉತ್ತರ: ಲ್ಯಾಬ್ ವಿಜ್ಞಾನಿ, ಮೂಲ ಗದಗ

ಸರ್, ಕೊನೆಯ ಮಾತು ನಾನು ಒಪ್ಪಲ್ಲ. ನಿಮ್ಮ ವಾರ್ಡಿನ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ.

ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈಗ ಮನೆಗೆ ಇಬ್ಬರೇ ಮಕ್ಕಳು, ಹೊಂದುವವರು ಎಲ್ಲಿಂದ ಬರಬೇಕು? ಅದಕ್ಕೇ ಅರ್ಧ ಹೊಂದುವ ಅಪ್ಪ, ಅಮ್ಮ, ಮಗ, ಮಗಳಿಂದ ಕಸಿ ಮಾಡುತ್ತಾರೆ. ಇದನ್ನು ಸುಲಭ ಮಾಡಿದ್ದು ಕಸಿಯಾದ ಮೂರನೆಯ, ನಾಲ್ಕನೆಯ ದಿನ ಕೊಡುವ ಸೈಕ್ಲೋಫಾಸ್ಫಮೈಡ್. ಹಳೆಯ ಔಷಧ, ಅಗ್ಗದ್ದು. ರೋಗಿಯ ಮೇಲೆ ತಿರುಗಿಬಿದ್ದು ಜೋರಾಗಿ ಬೆಳೆಯುತ್ತಿರುವ ಟಿ ಸೆಲ್‌ಗಳನ್ನು (ದಾನಿಯ ರೋಗನಿರೋಧಕ ಬಿಳಿ ರಕ್ತಕಣಗಳನ್ನು) ಅದು ಕೊಲ್ಲುತ್ತದೆ. ಸ್ಟೆಮ್ ಸೆಲ್ ಒಳಗೆ ಆ ಔಷಧವನ್ನು ಮುರಿಯುವ ಕಿಣ್ವ ಜಾಸ್ತಿ ಇದೆ, ಹಾಗಾಗಿ ಅದು ಬದುಕುತ್ತದೆ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನವರು ಇದನ್ನು ರೋಗಿಗಳಿಗೆ ತಂದರು. ಆದರೆ ಅದರ ಹಿಂದೆ ಇಲಿಗಳ ಮೇಲೆ ಮಾಡಿದ ವರ್ಷಗಟ್ಟಲೆ ಕೆಲಸವಿದೆ. ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಇದೆ ಅಂತ 1961ರಲ್ಲಿ ತೋರಿಸಿಕೊಟ್ಟ ಟೊರಾಂಟೊದ ಜೋಡಿಯಲ್ಲೂ ಮೆಕಲೋಕ್ ಡಾಕ್ಟರು, ಟಿಲ್ ಭೌತವಿಜ್ಞಾನದವರು. ಪ್ರಶ್ನೆ ಯಾರ ಕೈಯಲ್ಲಿತ್ತು ಹೇಳಿ?

ತಂಗಿ, ನಿನ್ನ ದಾರಿ ಹೀಗಿದೆ. ಎಂಎಸ್ಸಿಗೆ ಧಾರವಾಡದ ವಿಶ್ವವಿದ್ಯಾಲಯವೂ ಆಗುತ್ತದೆ. ಹೊರಗೆ ಹೋಗಬೇಕೆಂದರೆ ಎಂಎಸ್ಸಿ ಪ್ರವೇಶ ಪರೀಕ್ಷೆ ಜಾಮ್ ಬರಿ, ಫೆಬ್ರವರಿಯಲ್ಲಿ ಇರುತ್ತದೆ. ಆಮೇಲೆ ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಪಿಎಚ್‌ಡಿ ಮಾಡುವವರಿಗೆ ಕೊಡುವ ಫೆಲೋಶಿಪ್) ತೆಗೆದರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಅಪ್ಪನಿಗೆ ಇದನ್ನು ಹೇಳು. ಪಿಎಚ್‌ಡಿಗೆ ಬೆಂಗಳೂರಿನ ಇನ್‌ಸ್ಟೆಮ್, ವೆಲ್ಲೂರಿನ ಸ್ಟೆಮ್ ಸೆಲ್ ಸಂಶೋಧನಾ ಕೇಂದ್ರ, ಟಾಟಾ ಮೆಮೋರಿಯಲ್‌ಗೆ ಸೇರಿದ ನವಿ ಮುಂಬೈನ ಆಕ್ಟ್ರೆಕ್, ಈ ಮೂರನ್ನೂ ನೋಡು. ಕಷ್ಟ ಬರುವುದು ಪಿಎಚ್‌ಡಿ ಆದಮೇಲೆ. ವರ್ಷ ವರ್ಷ ಪ್ರಾಜೆಕ್ಟ್ ನವೀಕರಿಸುವ ಕೆಲಸ, ಕಾಯಂ ಹುದ್ದೆ ಕಡಿಮೆ. ಅದನ್ನು ಮುಚ್ಚಿಟ್ಟು ಹೇಳಲಾರೆ.

ನನ್ನ ಈಗಿನ ಕೆಲಸ ಸೆಲ್ ಪ್ರೊಸೆಸಿಂಗ್ ಲ್ಯಾಬಿನಲ್ಲಿ. ದಾನಿಗೆ, ಸ್ವಂತ ಸೆಲ್ ಆದರೆ ರೋಗಿಗೇ, ಸ್ಟೆಮ್ ಸೆಲ್‌ಗಳನ್ನು ಮಜ್ಜೆಯಿಂದ ರಕ್ತಕ್ಕೆ ಇಳಿಸುವ ಜಿ-ಸಿಎಸ್‌ಎಫ್ ಇಂಜೆಕ್ಷನ್ ನಾಲ್ಕೈದು ದಿನ ಕೊಟ್ಟು, ಮೆಷಿನ್‌ನಿಂದ ಸೆಲ್ ತೆಗೆದು ಕಳಿಸುತ್ತಾರೆ. ಅದರಲ್ಲಿ ಸಿಡಿ34 (ಸ್ಟೆಮ್ ಸೆಲ್‌ನ ಗುರುತು) ಇರುವ ಸೆಲ್ ಎಷ್ಟಿವೆ ಅಂತ ಫ್ಲೋ ಸೈಟೋಮೀಟರ್ ಅನ್ನುವ ಯಂತ್ರದಲ್ಲಿ ಎಣಿಸುತ್ತೇವೆ. ಸ್ವಂತ ಸೆಲ್ ಕಸಿಗೆ ದೇಹದ ಒಂದು ಕಿಲೋ ತೂಕಕ್ಕೆ ಕನಿಷ್ಠ 20 ಲಕ್ಷ ಬೇಕು. ಕಡಿಮೆ ಬಂತೋ, ರೋಗಿ ನಾಳೆ ಮತ್ತೆ ಮೆಷಿನ್ ಮೇಲೆ ಮಲಗಬೇಕು. ಆ ಫೋನ್ ಮಾಡುವವಳು ನಾನು. ಜಾಸ್ತಿ ದಿನ ಇಡುವುದಿದ್ದರೆ ಹೆಪ್ಪುಗಟ್ಟುವಾಗ ಸೆಲ್ ಒಡೆಯದಂತೆ ಕಾಯುವ ಡಿಎಂಎಸ್‌ಒ ದ್ರವ ಬೆರೆಸಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತೇವೆ. ಕಸಿಯ ದಿನ ದೊಡ್ಡಪ್ಪನ ಕೋಣೆಯಲ್ಲಿ ಬೆಳ್ಳುಳ್ಳಿ ವಾಸನೆ ಬಂದಿತ್ತಾ? ಅದು ಈ ಡಿಎಂಎಸ್‌ಒದ್ದು.

ಒಂದು ಎಚ್ಚರಿಕೆ. ಸ್ಟೆಮ್ ಸೆಲ್ ಹೆಸರಿನಲ್ಲಿ ಸರ್ಟಿಫಿಕೇಟ್ ಕೋರ್ಸು ಮಾರುವವರಿದ್ದಾರೆ. ಮೊಣಕಾಲಿಗೆ, ಸಕ್ಕರೆ ಕಾಯಿಲೆಗೆ ಸ್ಟೆಮ್ ಸೆಲ್ ಅಂತ ಇಂಜೆಕ್ಷನ್ ಚುಚ್ಚುವವರೂ ಇದ್ದಾರೆ. ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗದ ಹಂತ. ಅಂಥ ಕಡೆ ಮೊದಲ ಕೆಲಸಕ್ಕೆ ಸೇರಬೇಡ, ಸಂಬಳ ಎಷ್ಟೇ ಕೊಡಲಿ.

ಉತ್ತರ: ಆಸ್ಪತ್ರೆಯ ಡೇಟಾ ವಿಭಾಗ, ಮೂಲ ಹಾವೇರಿ

ಇಬ್ಬರೂ ನಮ್ಮನ್ನು ಮರೆತರು. ನಾನು ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್. ಕಸಿಯಾದವರು ಐದು ವರ್ಷದ ಮೇಲೆ ಹೇಗಿದ್ದಾರೆ ಅಂತ ಗೊತ್ತಿಲ್ಲದೆ ಯಾವ ಪ್ರಬಂಧವೂ ಆಗಲ್ಲ. ನಮ್ಮ ದಿನದ ಅರ್ಧ ಹೋಗುವುದು ಫೋನಿನಲ್ಲಿ. ಸಿಮ್ ಬದಲಾಗಿರುತ್ತದೆ. ಮಗ ಎತ್ತಿ "ಅಪ್ಪ ಹೊಲಕ್ಕೆ ಹೋಗ್ಯಾರ" ಅಂದರೆ ಸಾಕು, ಆ ದಿನ ಸಾರ್ಥಕ, ಬದುಕಿದ್ದಾರೆ ಅಂತ ಬರೆದುಕೊಳ್ಳುತ್ತೇವೆ. ಹೊಲಕ್ಕೆ ಹೋಗುತ್ತಾರೆ ಅನ್ನುವುದೂ ಒಂದು ಮಾಹಿತಿಯೇ. ಊರಿನ ಭಾಷೆ ಬರುವವರಿಗೆ ಜನ ಎರಡು ಮಾತು ಜಾಸ್ತಿ ಹೇಳುತ್ತಾರೆ. ಉತ್ತರ ಕರ್ನಾಟಕದ ಹುಡುಗರು ಈ ಕೆಲಸಕ್ಕೆ ಬರಬೇಕು.

ಉತ್ತರ: ದಾನಿ, ಗದಗ

ನಾನು ಓದಿದವನಲ್ಲ, ತಮ್ಮನಿಗೆ ಸೆಲ್ ಕೊಟ್ಟವನು. ಇಂಜೆಕ್ಷನ್‌ನಿಂದ ಸೊಂಟ, ಬೆನ್ನು ನೋಯ್ದವು, ಆಮೇಲೆ ಹೋಯಿತು. ಅವನ ರಕ್ತದ ಗುಂಪು ಈಗ ನನ್ನದು. ಈ ಓದಿಗೆ ಬರುವವರಿಗೆ ಒಂದೇ ಕೋರಿಕೆ. ಕಸಿ ಮುಗಿದ ಮೇಲೂ ನಾವು ತಿಂಗಳುಗಟ್ಟಲೆ ಬಾಡಿಗೆ ರೂಮ್ ಹಿಡಿದು ದೊಡ್ಡ ಊರಲ್ಲೇ ಇರಬೇಕಾಯಿತು. ವಾರಕ್ಕೊಮ್ಮೆಯ ರಕ್ತ ಪರೀಕ್ಷೆಯನ್ನಾದರೂ ಗದಗ, ಹುಬ್ಬಳ್ಳಿಯಲ್ಲಿ ಮಾಡಿ ರಿಪೋರ್ಟ್ ಕಳಿಸುವ ಹಾಗೆ ಯಾರಾದರೂ ಸಂಶೋಧನೆ ಮಾಡಿ.

ರಕ್ತರೋಗ ವೈದ್ಯ:

ಅಣ್ಣಾರೆ, ನೀವು ಹೇಳಿದ್ದು ಒಂದು ಸರಿಯಾದ ಸಂಶೋಧನಾ ವಿಷಯ. ಸುಮ್ನೆ ಹೇಳುತ್ತಿಲ್ಲ. ಯಾವ ರೋಗಿಯನ್ನು ಎಷ್ಟನೇ ದಿನ ಊರಿಗೆ ಕಳಿಸಿದರೆ ಅಪಾಯವಿಲ್ಲ ಅನ್ನುವುದನ್ನು ಒಬ್ಬ ಎಂಡಿ ವಿದ್ಯಾರ್ಥಿ ತನ್ನ ಪ್ರಬಂಧಕ್ಕೆ ತೆಗೆದುಕೊಳ್ಳಬಹುದು. ಮತ್ತೆ ಗದಗದ ಮೇಡಂ, ಟಿಲ್ ಅವರ ವಿಷಯದಲ್ಲಿ ನೀವು ಗೆದ್ದಿರಿ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ಕಾರ್-ಟಿ ಚಿಕಿತ್ಸೆಗೆ (ರೋಗಿಯದೇ ಟಿ ಸೆಲ್‌ಗಳನ್ನು ಲ್ಯಾಬಿನಲ್ಲಿ ಬದಲಿಸಿ ಕ್ಯಾನ್ಸರ್ ಕೊಲ್ಲಿಸುವುದು) 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತಲ್ಲ, ಅದೂ ಹುಟ್ಟಿದ್ದು ಲ್ಯಾಬಿನಲ್ಲೇ. ವಾರ್ಡಿನಲ್ಲಿ ಮಾತು ಕಡಿಮೆ ಅನ್ನುವುದನ್ನು ಮಾತ್ರ ನಾನು ಬಿಡಲ್ಲ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ:

ಎಲ್ಲರಿಗೂ ಧನ್ಯವಾದ. ಬೆಳ್ಳುಳ್ಳಿ ವಾಸನೆ ನಿಜ ಅಕ್ಕಾ! ದೊಡ್ಡಮ್ಮ ನರ್ಸ್ ಜೊತೆ ಜಗಳಕ್ಕೇ ನಿಂತಿದ್ದರು, ಪಥ್ಯದ ಊಟದಲ್ಲಿ ಬೆಳ್ಳುಳ್ಳಿ ಯಾಕೆ ಹಾಕಿದಿರಿ ಅಂತ. 37,000 ಕೇಳಿ ಅಪ್ಪ ಸ್ವಲ್ಪ ಮೆತ್ತಗಾದರು. ನಾನು ಜಾಮ್ ಬರೆಯುತ್ತೇನೆ. ಅದಕ್ಕೂ ಮೊದಲು ಒಂದು ಲ್ಯಾಬ್ ಒಳಗಿನಿಂದ ನೋಡಲು ಆಗುತ್ತದಾ?

ಲ್ಯಾಬ್ ವಿಜ್ಞಾನಿ:

ಆಗುತ್ತದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ ಇದೆ, ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಇರಬಹುದು. ಬೇಸಿಗೆಯದು ಅಂತ ಬೇಸಿಗೆಯಲ್ಲಿ ಹುಡುಕಿದರೆ ಸಿಗಲ್ಲ, ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಮುಗಿದಿರುತ್ತದೆ. ಅರ್ಜಿಯಲ್ಲಿ ದೊಡ್ಡಪ್ಪನ ಕಥೆ ಎರಡು ಸಾಲು ಸಾಕು. ಉಳಿದ ಜಾಗದಲ್ಲಿ ನಿನಗೆ ಉತ್ತರ ಸಿಗದ ಒಂದು ಪ್ರಶ್ನೆ ಬರಿ. ತಮ್ಮನಿಗೆ ಹೇಳು, ಸದ್ಯಕ್ಕೆ ಸ್ಟೆಮ್ ಸೆಲ್ ವಿಡಿಯೋ ಬಂದ್ ಮಾಡಿ ಫಿಸಿಕ್ಸ್ ಮಾಡಲಿ. ನೀಟ್‌ನಲ್ಲಿ ಅಂಕ ಹೋಗುವುದು ಅಲ್ಲೇ.