ಪದಚರ್ಚೆ: ‘ವೈಡ್’ ಎಲ್ಲಿ ಅಗಲ, ಎಲ್ಲಿ ಅಲ್ಲ

ಪ್ರಶ್ನೆ: ‘ವೈಡ್’, ‘ಬ್ರಾಡ್’ ಎರಡಕ್ಕೂ ನಿಘಂಟಿನಲ್ಲಿ ‘ಅಗಲವಾದ, ವಿಶಾಲವಾದ’ ಎಂದೇ ಇರುತ್ತದೆ. ಒಂದರ ಜಾಗದಲ್ಲಿ ಇನ್ನೊಂದು ನಡೆಯುತ್ತದೆಯೇ? ‘ವೈಡ್ ಅವೇಕ್’, ‘ವೈಡ್ ರೇಂಜ್’ ಇಂಥವನ್ನು ಕನ್ನಡದಲ್ಲಿ ಹೇಗೆ ಹೇಳಬೇಕು?

ಉತ್ತರ: ಅಳತೆ ಹೇಳುವಾಗ ತೊಡಕಿಲ್ಲ. ‘ಟೆನ್ ಫೀಟ್ ವೈಡ್’ ಎಂದರೆ ಹತ್ತು ಅಡಿ ಅಗಲ. ಇಲ್ಲಿ ‘ಬ್ರಾಡ್’ ಎಂದರೂ ತಪ್ಪಲ್ಲ, ಆದರೆ ಈಗ ಹಾಗೆ ಹೇಳುವವರು ಕಡಿಮೆ. ಅಳತೆ ಬಿಟ್ಟು ಮುಂದೆ ಹೋದಾಗ ದಾರಿ ಕವಲೊಡೆಯುತ್ತದೆ.

‘ವೈಡ್’ ನೋಡುವುದು ಎರಡು ಅಂಚುಗಳ ನಡುವಿನ ಅಂತರವನ್ನು. ‘ಬ್ರಾಡ್’ ನೋಡುವುದು ಆ ಅಂಚುಗಳ ನಡುವೆ ಹರಡಿಕೊಂಡಿರುವ ಮೈಯನ್ನು. ಹಾಗಾಗಿ ಬಾಯಿ, ಕಣ್ಣು, ಬಾಗಿಲು, ಬಿರುಕು ಇವೆಲ್ಲ ‘ವೈಡ್’. ಭುಜ, ಬೆನ್ನು, ಎದೆ, ಹಣೆ, ಎಲೆ ಇವು ‘ಬ್ರಾಡ್’. ‘ವೈಡ್ ಷೋಲ್ಡರ್ಸ್’ ಎಂದರೆ ಅರ್ಥವೇನೋ ಆಗುತ್ತದೆ, ಬಳಕೆಯಲ್ಲಿ ಗಟ್ಟಿಯಾಗಿ ಕೂತಿರುವುದು ಮಾತ್ರ ‘ಬ್ರಾಡ್ ಷೋಲ್ಡರ್ಸ್’. ರಸ್ತೆ, ನದಿಗಳಿಗೆ ಎರಡೂ ಒಪ್ಪುತ್ತವೆ. ಇನ್ನು ಕೆಲವು ಜೋಡಿಗಳನ್ನು ಹಾಗೇ ನೆನಪಿಟ್ಟುಕೊಳ್ಳಬೇಕು: ‘ಬ್ರಾಡ್ ಡೇಲೈಟ್’ ಹಾಡಹಗಲು, ‘ಬ್ರಾಡ್ ಔಟ್‌ಲೈನ್’ ಸ್ಥೂಲ ರೂಪರೇಷೆ, ‘ಬ್ರಾಡ್ ಹಿಂಟ್’ ಯಾರಿಗೂ ತಪ್ಪದೆ ತಿಳಿಯುವ ಸುಳಿವು. ಇಲ್ಲೆಲ್ಲ ‘ವೈಡ್’ ಕೂರುವುದಿಲ್ಲ. (‘ಬ್ರಾಡ್‌ಕಾಸ್ಟ್’ ಕೂಡ ಮೊದಲು ಹೊಲದ ಮಾತು. ಸಾಲು ಹಿಡಿಯದೆ ಬೀಜ ಎರಚಿ ಬಿತ್ತುವುದಕ್ಕೆ ಇದ್ದ ಹೆಸರು, ಆಮೇಲೆ ರೇಡಿಯೋಗೆ ಬಂತು.)

ನಮ್ಮ ‘ಅಗಲ’ದಲ್ಲೂ ಈ ಅಂತರದ ಅರ್ಥ ಅಡಗಿದೆ. ‘ಅಗಲ’ ಮತ್ತು ದೂರವಾಗು ಎಂಬರ್ಥದ ‘ಅಗಲು’ ಒಂದೇ ಬೇರಿನವು. ತಮಿಳಿನಲ್ಲೂ ‘ಅಗಲಂ’, ‘ಅಗಲ್’ ಎಂದು ಈ ಜೋಡಿಯೇ ಇದೆ. ‘ಕಾಲು ಅಗಲಿಸಿ ನಿಂತ’ ಎಂಬ ಮಾತಿನಲ್ಲಿ ಎರಡೂ ಅರ್ಥ ಒಟ್ಟಿಗೆ ಕಾಣಿಸುತ್ತವೆ, ಇಂಗ್ಲಿಷಿನ ‘ವೈಡ್ ಅಪಾರ್ಟ್’ ಅದೇ. ಆದರೆ ಇದನ್ನು ನೆಚ್ಚಿಕೊಂಡು ಎಲ್ಲ ಕಡೆ ‘ಅಗಲ’ ಹಾಕಿದರೆ ಕನ್ನಡ ಕೆಡುತ್ತದೆ. ಪಕ್ಕದಲ್ಲಿರುವ ನಾಮಪದ ಯಾವುದು ಎಂದು ನೋಡಿ ಪದ ಆರಿಸಬೇಕು.

‘ದ ಡೋರ್ ವಾಸ್ ವೈಡ್ ಓಪನ್’ ಎನ್ನುವುದನ್ನು ‘ಬಾಗಿಲು ಅಗಲವಾಗಿ ತೆರೆದಿತ್ತು’ ಎಂದು ಬರೆದರೆ ಅನುವಾದದ ವಾಸನೆ ಹೊಡೆಯುತ್ತದೆ. ‘ಬಾಗಿಲು ಹಾರುಹೊಡೆದಿತ್ತು’ ಎಂದರೆ ಮುಗಿಯಿತು. ‘ವೈಡ್ ಅವೇಕ್’ ಇದ್ದವನಿಗೆ ಪೂರ್ತಿ ಎಚ್ಚರವಿರುತ್ತದೆ. ‘ವೈಡ್ ಐಡ್’ ಆಗಿ ನೋಡುವವನು ಕಣ್ಣರಳಿಸಿ ನೋಡುತ್ತಾನೆ. ‘ವೈಡ್ ರೇಂಜ್’ಗೆ ‘ವಿಶಾಲ ಶ್ರೇಣಿ’ ಎಂದು ಜಾಹೀರಾತುಗಳಲ್ಲಿ ಕಾಣುತ್ತದೆ. ಶ್ರೇಣಿ ಎಂದರೆ ಸಾಲು, ದರ್ಜೆ, ಅದು ವಿಶಾಲವಾಗುವುದು ಹೇಗೆ? ‘ಬಗೆಬಗೆಯ’, ‘ಹಲವು ಬಗೆಯ’ ಸಾಕು. ‘ವೈಡ್ ಗ್ಯಾಪ್’ ಭಾರಿ ಅಂತರ. ಹೋಲಿಕೆಯ ಮಾತಾದರೆ ಅಜಗಜಾಂತರ. ‘ವೈಡ್ ರೀಡಿಂಗ್’ ಇರುವವರು ಬಹಳ ಓದಿಕೊಂಡವರು.

‘ಗಿವ್ ಎ ವೈಡ್ ಬರ್ತ್’ ಬಂದಾಗ ಹಲವರು ಮುಗ್ಗರಿಸುತ್ತಾರೆ. ಇಲ್ಲಿನ ‘ಬರ್ತ್’ ರೈಲಿನಲ್ಲಿ ಮಲಗುವ ಜಾಗವಲ್ಲ, ಹಡಗು ತಿರುಗಾಡಲು ಬಿಡಬೇಕಾದ ನೀರಿನ ಜಾಗ. ಹತ್ತಿರ ಸುಳಿಯದಿರು, ದೂರದಿಂದಲೇ ಕೈಮುಗಿ ಎಂಬ ಅರ್ಥ.

‘ವೈಡ್’ ಕ್ರಿಯಾವಿಶೇಷಣವೂ ಹೌದು, ಮತ್ತು ಅದು ‘ವೈಡ್ಲಿ’ ಅಲ್ಲ. ಬಾಯಿ ತೆರೆಯಲು ಹೇಳುವಾಗ ‘ಓಪನ್ ವೈಡ್’. ‘ಓಪನ್ ವೈಡ್ಲಿ’ ಎನ್ನುವುದಿಲ್ಲ. ‘ವೈಡ್ಲಿ’ ಎಂದರೆ ಬಹಳ ಕಡೆ, ಬಹಳ ಜನರಲ್ಲಿ ಅಥವಾ ಬಹಳ ಮಟ್ಟಿಗೆ: ‘ವೈಡ್ಲಿ ನೋನ್’ ಹೆಸರುವಾಸಿ, ‘ವೈಡ್ಲಿ ಯೂಸ್ಡ್’ ಹೆಚ್ಚು ಬಳಕೆಯಲ್ಲಿರುವ.

ಗುರಿಯಿಂದ ಆಚೆ ಎಂಬುದು ‘ವೈಡ್’ನ ಇನ್ನೊಂದು ಅರ್ಥ. ‘ದ ಷಾಟ್ ವೆಂಟ್ ವೈಡ್’ ಎಂದರೆ ಹೊಡೆತ ಗುರಿ ತಪ್ಪಿತು. ‘ವೈಡ್ ಆಫ್ ದ ಮಾರ್ಕ್’ ಎಂದರೆ ಅಂದಾಜು ಪೂರ್ತಿ ತಲೆಕೆಳಗಾಯಿತು. ಕ್ರಿಕೆಟ್ಟಿನ ವೈಡ್ ಹುಟ್ಟಿದ್ದು ಇಲ್ಲಿಂದಲೇ: ಚೆಂಡು ಅಗಲವಾಗಿದೆ ಎಂದಲ್ಲ, ಬ್ಯಾಟರ್‌ನ ಕೈಗೆಟುಕದಷ್ಟು ಆಚೆ ಹೋಯಿತು ಎಂದು. ಕ್ರಿಕೆಟ್ ನಿಯಮಗಳ 2017ರ ಸಂಹಿತೆಯಲ್ಲಿ ಇದು 22ನೇ ನಿಯಮ. ಬ್ಯಾಟರ್ ನಿಂತಿರುವ ಜಾಗದಿಂದಲೂ, ಮಾಮೂಲಿಯಾಗಿ ನಿಲ್ಲುವ ಜಾಗದಿಂದಲೂ ಆಚೆ ಹೋದರೆ ಮಾತ್ರ ವೈಡ್. ಚೆಂಡು ಬ್ಯಾಟಿಗೋ ಮೈಗೋ ತಗುಲಿದರೆ ವೈಡ್ ಅಲ್ಲ. ಕನ್ನಡದ ವೀಕ್ಷಕ ವಿವರಣೆಯಲ್ಲಿ ‘ವೈಡ್’ ಎಂದೇ ಉಳಿಸಿಕೊಂಡಿರುವುದು ಸರಿ.

ಹೆಸರಿಗೆ ಅಂಟಿದಾಗ ‘ವೈಡ್’ ಎಂದರೆ ಪೂರ್ತಿ ವ್ಯಾಪಿಸಿದ: ‘ನೇಷನ್‌ವೈಡ್’ ದೇಶಾದ್ಯಂತ, ‘ವರ್ಲ್ಡ್‌ವೈಡ್’ ಜಗದಗಲ ಅಥವಾ ಜಗತ್ತಿನ ಉದ್ದಗಲಕ್ಕೂ. ನಮ್ಮಲ್ಲೂ ‘ಅಗಲ’ ಹೀಗೆ ಇನ್ನೊಂದು ಪದಕ್ಕೆ ಅಂಟುತ್ತದೆ, ಆದರೆ ‘ಅಂಗೈಯಗಲ’, ‘ಮೊರದಗಲ’ ಎಂದಾಗ ಅದು ಅಳತೆ, ವ್ಯಾಪ್ತಿಯಲ್ಲ.

ಕ್ರಿಯಾಪದಕ್ಕೆ ಬಂದರೆ, ರಸ್ತೆಯನ್ನು ‘ವೈಡನ್’ ಮಾಡುತ್ತಾರೆ, ತಿಳಿವಳಿಕೆಯನ್ನು ‘ಬ್ರಾಡನ್’ ಮಾಡಿಕೊಳ್ಳುತ್ತಾರೆ. ‘ರಸ್ತೆ ಅಗಲೀಕರಣ’ದ ಮೇಲೆ ಕೆಲವರಿಗೆ ಸಿಟ್ಟಿದೆ, ಕನ್ನಡದ ಬೇರಿಗೆ ಸಂಸ್ಕೃತದ ಬಾಲ ಏಕೆ ಎಂದು. ಆದರೆ ಬದಲಿಗೆ ಹೇಳುವ ‘ರಸ್ತೆ ವಿಸ್ತರಣೆ’ ಇನ್ನೂ ತೊಂದರೆಯದು: ರಸ್ತೆಯನ್ನು ಅಗಲ ಮಾಡಿದರೋ, ಮುಂದಿನ ಊರಿನವರೆಗೆ ಉದ್ದ ಮಾಡಿದರೋ ತಿಳಿಯುವುದಿಲ್ಲ. ಟೆಂಡರ್ ಪ್ರಕಟಣೆಯಲ್ಲಿ ಅಗಲೀಕರಣವೇ ಇರಲಿ.

ನಾಮಪದ ‘ವಿಡ್ತ್’. ಸ್ವರ ಬದಲಾಗುವುದನ್ನು ಗಮನಿಸಿ: ವೈಡ್–ವಿಡ್ತ್, ಬ್ರಾಡ್–ಬ್ರೆಡ್ತ್, ಡೀಪ್–ಡೆಪ್ತ್. ರೇಖಾಗಣಿತದ ಆಯತದಲ್ಲಿ ಉದ್ದ ದೊಡ್ಡ ಬದಿ, ಅಗಲ ಚಿಕ್ಕದು. ಪರದೆಯ ಲೆಕ್ಕದಲ್ಲಿ ಹಾಗಲ್ಲ, ಎಡದಿಂದ ಬಲಕ್ಕೆ ಇರುವುದೆಲ್ಲ ‘ವಿಡ್ತ್’. 1920 × 1080 ಎಂದಿದ್ದರೆ ಅಗಲ 1920, ಎತ್ತರ 1080. ‘ಉದ್ದ 1920’ ಎಂದು ಅನುವಾದಿಸಿದರೆ ಫೋನ್ ಹಿಡಿದು ನಿಲ್ಲಿಸಿದವರು ಅದನ್ನು ಮೇಲಿನಿಂದ ಕೆಳಕ್ಕೆ ಅಳೆಯುತ್ತಾರೆ. ಬೀರುವಿನ ಅಳತೆಯಲ್ಲಿ ‘ವಿಡ್ತ್’ ಎದುರಿಗೆ ನಿಂತಾಗ ಕಾಣುವ ಅಡ್ಡಗಲ, ‘ಡೆಪ್ತ್’ ಮುಂದಿನಿಂದ ಹಿಂದಿನ ಗೋಡೆಯವರೆಗಿನದು. ಅದನ್ನು ‘ಆಳ’ ಎನ್ನುವ ಬದಲು ‘ಒಳಗಲ’ ಎಂದೋ, ‘ಮುಂದಿನಿಂದ ಹಿಂದಕ್ಕೆ’ ಎಂದೋ ಬಿಡಿಸಿ ಬರೆದರೆ ಬಡಗಿ ತಪ್ಪಾಗಿ ಕೊಯ್ಯುವುದಿಲ್ಲ.