ಹಬ್ಬದ ಸೀಸನ್‌ನಲ್ಲಿ ಬ್ಲೌಸ್ ಆರ್ಡರ್ ಬೇಡ ಅನ್ನೋದು ಹೇಗೆ?

ದಾವಣಗೆರೆ ಟೈಲರ್:
ಅಕ್ಕಂದಿರೇ, ಮನೆ ಮುಂದಿನ ರೂಮಲ್ಲೇ ಮಿಷನ್ ಹಾಕ್ಕೊಂಡು ಬ್ಲೌಸ್ ಹೊಲಿಯೋಳು ನಾನು. ಆಷಾಢದಲ್ಲಿ ಮದುವೆ ಇರಲ್ಲ, ಕೈ ಖಾಲಿ. ಶ್ರಾವಣ ಬಂತು ಅಂದ್ರೆ ವರಮಹಾಲಕ್ಷ್ಮಿ, ಅದರ ಹಿಂದೆನೇ ಗೌರಿ-ಗಣೇಶ, ದಸರಾ, ದೀಪಾವಳಿ. ತುಳಸಿ ಪೂಜೆ ಆಯ್ತೋ ಇಲ್ವೋ ಮದುವೆ ಬ್ಲೌಸು ಶುರು. ವರಮಹಾಲಕ್ಷ್ಮಿಗಂತೂ ಎಲ್ಲರಿಗೂ ಗುರುವಾರ ಸಂಜೆಗೇ ಬೇಕು.

ಪಕ್ಕದ ಮನೆಯೋರು, ಮಗಳ ಟೀಚರ್, ನಾದಿನಿ ಕಡೆಯೋರು, ಎಲ್ಲಾ "ಒಂದೇ ಒಂದು ಬ್ಲೌಸ್ ಅಲ್ವೇನಮ್ಮ" ಅಂತ ಕವರ್ ಇಟ್ಟು ಹೋಗ್ತಾರೆ. ಕವರ್ ಒಳಗೆ ಬಂದಮೇಲೆ ವಾಪಸ್ ಕೊಡೋಕೆ ಬಾಯೇ ಬರಲ್ಲ. ರಾತ್ರಿ ಒಂದು ಗಂಟೆ ತನಕ ಹೆಮ್ಮಿಂಗ್ ಮಾಡ್ತಾ ಕೂತಿರ್ತೀನಿ. ಮಗಳು ಹೋಂವರ್ಕ್ ಬುಕ್ ಹಿಡ್ಕೊಂಡು ಮಿಷನ್ ಪಕ್ಕದಲ್ಲೇ ನಿದ್ದೆ ಹೋಗ್ತಾಳೆ. ದುಡ್ಡೂ ಬೇಕು, ಆ ಮಾತೂ ನಿಜ. ಬೇಡ ಅಂದ್ರೆ ಕಸ್ಟಮರ್ ಬೇರೆ ಕಡೆ ಹೋಗಿಬಿಡ್ತಾರೆ ಅನ್ನೋ ಭಯ. ನೀವೆಲ್ಲ ಹೇಗೆ ನಿಭಾಯಿಸ್ತೀರಿ?

ಹುಬ್ಬಳ್ಳಿ ಅಕ್ಕ:
ತಂಗಿ, ಮೊದಲ ಒಂದು ಡೈರಿ ತಗೋ. ಅದರಾಗ ಹಬ್ಬದ ಹೆಸರಲೆ ಆರ್ಡರ್ ಬರೀಬ್ಯಾಡ, ದಿನಕ್ಕೊಂದು ಪುಟ ಮಾಡು. ಲೈನಿಂಗ್ ಬ್ಲೌಸ್ ದಿನಕ್ಕ ಎಷ್ಟು ಛಲೋತ್ನಂಗ ಆಗ್ತಾವು ಅನ್ನೋದು ನಿನಗ ಗೊತ್ತದ, ಅಷ್ಟ ಗೆರಿ ಹಾಕು. ಪುಟ ತುಂಬಿತು ಅಂದ್ರ ಮುಂದಿನ ಪುಟ. ಬಂದವರ ಮುಂದನ ಡೈರಿ ತಗದು "ಈ ತಾರೀಖಿಗೆ ಕೊಡ್ತೀನ್ರಿ, ನಡೀತದೇನು?" ಅಂತ ಕೇಳು. ಆಗಂಗಿಲ್ಲ ಅನ್ನೋ ಮಾತು ನಿನ್ನ ಬಾಯಿಂದ ಬರೂದ ಬ್ಯಾಡ.

ಗಿರಾಕಿ ಹೋಗ್ತಾರ ಅಂತ ಅಂಜತೀದಿ. ಗಿರಾಕಿ ಯಾವಾಗ ಹೋಗ್ತಾರ ಹೇಳ್ತೀನಿ ಕೇಳು. ಲೈನಿಂಗ್ ಬಟ್ಟಿ ನೀರಿಗೆ ಹಾಕಿ, ನೆರಳಾಗ ಒಣಗಿಸಿ, ಇಸ್ತ್ರಿ ಮಾಡಿ ಆಮ್ಯಾಲ ಕತ್ತರಿ ಹಚ್ಚಬೇಕು. ಕೆಲಸ ಮೈಮ್ಯಾಲ ಬಿದ್ದಾಗ ಎಲ್ಲಾರೂ ಮೊದಲ ಬಿಡೂದು ಇದನ್ನ. ಬಿಟ್ರ, ಒಂದ ಸಲ ಒಗದ ಕೂಡಲೆ ಲೈನಿಂಗ್ ಕುಗ್ಗಿ ಜಗ್ಗತದ, ಮ್ಯಾಲಿನ ರೇಷ್ಮಿ ಸುಕ್ಕ ಬೀಳತದ. ಇಳಕಲ್ ಸೀರಿಗೆ ಗುಳೇದಗುಡ್ಡ ಖಣ ತಂದಿದ್ರ ಇನ್ನೂ ಕಷ್ಟ. ಖಣದ ಪನ್ನ, ಅಂದ್ರ ಅಗಲ, ಸಣ್ಣದು, ದಡಿ ತೋಳಿಗೆ ಎಲ್ಲಿ ಬರಬೇಕು ಅಂತ ಲೆಕ್ಕ ಹಾಕದ ಕತ್ತರಿಸಿದ್ರ ತಿರುಗಿ ಕೂಡಸಾಕ ಬರಂಗಿಲ್ಲ. ಅವಸರದಾಗ ಕೆಟ್ಟ ಬ್ಲೌಸ್ ಹಾಕ್ಕೊಂಡಾಕಿ ಮತ್ತ ನಿನ್ನ ಬಾಗಲಾ ತುಳಿಯಂಗಿಲ್ಲ, ನಾಲ್ಕು ಮಂದಿಗೂ ಹೇಳ್ತಾಳ. ತಾರೀಖು ತಡಾ ಹೇಳಿಸಿಕೊಂಡಾಕಿ ಮುಂದಿನ ಹಬ್ಬಕ್ಕ ಲಗೂನ ಬರ್ತಾಳ.

ಇನ್ನೊಂದು. ನಮ್ಮ ಊರಾಗ ಸೋಮವಾರ ಎತ್ತಿನ ಹೆಗಲ ಮ್ಯಾಲ ನೊಗ ಇಡಂಗಿಲ್ಲ. ನಾನೂ ಸೋಮವಾರ ಮಿಷನ್ನಿಗೆ ಬಟ್ಟಿ ಹೊಚ್ಚಿ ಇಡ್ತೀನಿ, ಶ್ರಾವಣದಾಗೂ. ಈಗ ನಮ್ಮ ಓಣ್ಯಾಗ ಸೋಮವಾರ ಯಾರೂ ಕವರ್ ತರಂಗಿಲ್ಲ.

ಮೈಸೂರು ಬೊಟಿಕ್:
ಡೈರಿ ವಿಷಯ ನೂರಕ್ಕೆ ನೂರು ಸರಿ. ಸೋಮವಾರದ ರಜೆ ನನ್ನಿಂದ ದಸರಾ ಹೊತ್ತಲ್ಲಿ ಆಗಲ್ಲ, ಅದರ ಬದಲು ರಾತ್ರಿ 9ಕ್ಕೆ ಮಿಷನ್ ಸ್ವಿಚ್ ಆಫ್. ಫಾಲ್, ಜಿಗ್‌ಜಾಗ್, ಕುಚ್ಚು, ಹುಕ್ ಎಲ್ಲ ಬೀದಿಯಲ್ಲೇ ಇರೋ ಹೆಣ್ಣುಮಕ್ಕಳಿಗೆ ಪೀಸ್ ಲೆಕ್ಕದಲ್ಲಿ ಕೊಡಿ. ಸೀರೆ ಸೆರಗಿಗೆ ಕುಚ್ಚು ಕಟ್ಟೋದು ಎಷ್ಟು ಹೊತ್ತು ತಿನ್ನುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಕಟಿಂಗ್ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

"ಅರ್ಜೆಂಟ್ ಆದ್ರೆ ಡಬಲ್ ರೇಟ್" ಅಂತ ಯಾರಾದ್ರೂ ಸಲಹೆ ಕೊಟ್ಟರೆ ಒಪ್ಪಬೇಡಿ. ದುಡ್ಡಿರೋರು ಡಬಲ್ ಕೊಟ್ಟು ಇಟ್ಟು ಹೋಗ್ತಾರೆ, ನಿದ್ದೆ ಕೆಡೋದು ನಿಮ್ಮದೇ.

ತುಮಕೂರು ಕಸ್ಟಮರ್:
ನಾನು ಹೊಲಿಸಿಕೊಳ್ಳೋಳು. ನಮಗೆ ತಡ ಆದ್ರೆ ಬೇಜಾರಿಲ್ಲ, "ನಾಳೆ ಬನ್ನಿ, ನಾಳೆ ಬನ್ನಿ" ಅಂತ ಅಲೆಸಿದ್ರೆ ಬೇಜಾರು. ನಮ್ಮ ಟೈಲರ್ ಆಷಾಢ ಶುರುವಾದ ತಕ್ಷಣ ವಾಟ್ಸಾಪ್ ಸ್ಟೇಟಸ್ ಹಾಕ್ತಾರೆ: ವರಮಹಾಲಕ್ಷ್ಮಿಗೆ ಬೇಕಾದವರು ಈ ತಿಂಗಳೇ ಬಟ್ಟೆ, ಅಳತೆ ಬ್ಲೌಸ್ ಎರಡೂ ಕೊಡಿ, ಶ್ರಾವಣದಲ್ಲಿ ತಗೊಳ್ಳಲ್ಲ ಅಂತ. ನಾವೂ ಸೀರೆ ಮೊದಲೇ ತಗೊಳ್ಳೋದು ಅಭ್ಯಾಸ ಮಾಡ್ಕೊಂಡಿದೀವಿ. ನಿಮಗೂ ಆ ಖಾಲಿ ತಿಂಗಳು ಕೆಲಸಕ್ಕೆ ಬರುತ್ತಲ್ಲ.

ದಾವಣಗೆರೆ ಟೈಲರ್:
ತುಂಬಾ ಥ್ಯಾಂಕ್ಸ್. ಸ್ಟೇಟಸ್ ಐಡಿಯಾ ನಂಗೆ ಹೊಳೆದೇ ಇರಲಿಲ್ಲ. ನಾದಿನಿ ಕಡೆಯೋರಿಗೂ ಡೈರಿ ತೋರಿಸೋದಾ ಹುಬ್ಬಳ್ಳಿ ಅಕ್ಕ? ಮನೇಲಿ ಮಾತು ಬರುತ್ತೆ.

ಹುಬ್ಬಳ್ಳಿ ಅಕ್ಕ:
ಅವರಿಗೇ ಮೊದಲ ತೋರಿಸು. ಬೇಕಾದ್ರ ಹೊಲಿಗಿ ರೊಕ್ಕಾ ಕಡಿಮಿ ತಗೋ, ತಾರೀಖು ಮಾತ್ರ ಹಿಂದ ಮುಂದ ಮಾಡಬ್ಯಾಡ.