ಕ್ಲೌಡ್ ಮೊದಲೋ, ಲೆಕ್ಕ ಮೊದಲೋ? ಓದುಗರ ಸ್ಪಂದನ

ಕಳೆದ ಸಲ ದಾವಣಗೆರೆಯ ಓದುಗರೊಬ್ಬರು ತಮ್ಮ ಮನೆ ವ್ಯಾಪಾರದ ಇಕ್ಕಟ್ಟು ಬರೆದಿದ್ದರು. ಪೈಪು, ನಲ್ಲಿ, ಟೈಲ್ಸ್ ವ್ಯಾಪಾರ. ಎರಡು ಅಂಗಡಿ, ಒಂದು ಗೋಡೌನು, ಮೂವತ್ತು ಜನ ಕೆಲಸಗಾರರು. ವರ್ಷಕ್ಕೆ ಸುಮಾರು 12 ಕೋಟಿ ವಹಿವಾಟಿನ ಪ್ರೈವೇಟ್ ಲಿಮಿಟೆಡ್ ಕಂಪನಿ. ಬಿಲ್ಲು ಹಳೇ ಪ್ರೋಗ್ರಾಮಿನಲ್ಲಿ, ಬಾಕಿ ಲೆಕ್ಕ ಎಕ್ಸೆಲ್‌ನಲ್ಲಿ, ಗೋಡೌನಿನ ಚೀಟಿಗಳ ಫೋಟೊ ಎಲ್ಲರ ವಾಟ್ಸಾಪಿನಲ್ಲಿ. ಈ ವರ್ಷ ಒಂದಕ್ಕೆ ಮಾತ್ರ ದುಡ್ಡು. ಮೈದುನ ಮೊದಲು ಕ್ಲೌಡ್ ಸ್ಟೋರೇಜ್ ಎನ್ನುತ್ತಾರೆ. ಲೆಕ್ಕ ನೋಡಿಕೊಳ್ಳುವ ಅತ್ತಿಗೆ, ಅಂದರೆ ಪತ್ರ ಬರೆದವರು, ಮೊದಲು ಅಕೌಂಟಿಂಗ್ ಸಾಫ್ಟ್‌ವೇರ್ ಎನ್ನುತ್ತಾರೆ.

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ಉದ್ದ ಇದೆ. ಕತ್ತರಿಸಲು ನಮಗೆ ಮನಸ್ಸು ಬರಲಿಲ್ಲ.

*

ಅಕ್ಕಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಮ್ಮದು ಗಾಡಿ ಬಿಡಿಭಾಗಗಳ ಸಗಟು ವ್ಯಾಪಾರ. ಮಾವನವರ ಕಾಲದಲ್ಲಿ ಕಿರ್ದಿ, ಖತಾವಣಿ ಎರಡೂ ಕೆಂಪು ಬಟ್ಟೆಯ ರಟ್ಟಿನ ಪುಸ್ತಕದಲ್ಲಿ ಇರುತ್ತಿದ್ದವು. ದೀಪಾವಳಿಗೆ ಹೊಸ ಪುಸ್ತಕಕ್ಕೆ ಪೂಜೆ ಮಾಡಿ ಹಳೇದನ್ನು ಅಟ್ಟಕ್ಕೆ ಏರಿಸುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು. ಲೆಕ್ಕದ ಸಾಫ್ಟ್‌ವೇರ್ ಒಳ್ಳೆಯದನ್ನೇ ತಂದೆವು. ಅದರ ಡೇಟಾ ಫೋಲ್ಡರನ್ನು ನಮ್ಮ ಅಂಗಡಿ ಹುಡುಗ ಕ್ಲೌಡ್ ಫೋಲ್ಡರಿನ ಒಳಗೇ ಇಟ್ಟ. "ಆಂಟಿ, ಇನ್ನು ಬ್ಯಾಕಪ್ ತಾನೇ ಆಗ್ತದ" ಅಂದ. ನೋಡಿ, ನೀವು ಯಾವುದು ಬೇಕು ಅಂತ ಕೇಳುತ್ತಿದ್ದೀರಿ. ನಮ್ಮ ಹತ್ತಿರ ಎರಡೂ ಇದ್ದವು.

ಒಂದು ಸೋಮವಾರ ಬೆಳಿಗ್ಗೆ ನಮ್ಮ ಯಜಮಾನರು ಕಂಪ್ಯೂಟರ್ ಹಚ್ಚಿದರು. ಫೈಲುಗಳ ಹೆಸರಿನ ಹಿಂದೆ ಗೊತ್ತಿಲ್ಲದ ಅಕ್ಷರಗಳ ಬಾಲ. ಒಂದೂ ತೆರೆಯಲಿಲ್ಲ. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ, ದುಡ್ಡು ಕೊಟ್ಟರೆ ಬಿಡಿಸಿಕೊಡುತ್ತೇವೆ ಅಂತ. ಕ್ಲೌಡ್ ಇದೆಯಲ್ಲ ಎಂದು ಧೈರ್ಯದಿಂದ ಮೊಬೈಲಿನಲ್ಲಿ ನೋಡಿದರು. ಅಲ್ಲೂ ಅದೇ ಬಾಲ. ಕಂಪ್ಯೂಟರಿನಲ್ಲಿ ಆದದ್ದೆಲ್ಲ ಹಾಗೇ ಮೇಲಕ್ಕೂ ಹೋಗಿತ್ತು. ಅದು ಸಿಂಕ್, ಬ್ಯಾಕಪ್ ಬೇರೆ ಎಂದು ನಮಗೆ ತಿಳಿದದ್ದೇ ಆವತ್ತು. ಕ್ಲೌಡಿನಲ್ಲಿ ಹಳೇ ಪ್ರತಿಯನ್ನು ಕೆಲವು ದಿನ ಇಟ್ಟಿರುತ್ತಾರೆ, ವಾಪಸ್ ತೆಗೆಯಬಹುದು ಅಂತ ಒಬ್ಬರು ಹೇಳಿದರು. ಅಷ್ಟರಲ್ಲಿ ಅದರ ಗಡುವೂ ಮುಗಿದಿತ್ತು.

ಮಾರಾಟದ ಲೆಕ್ಕ ನಾವೇ ತುಂಬಿದ್ದ ಜಿಎಸ್‌ಟಿ ರಿಟರ್ನ್‌ಗಳಿಂದ ಸಿಕ್ಕಿತು. ಖರೀದಿಯದ್ದು ಜಿಎಸ್‌ಟಿ ಪೋರ್ಟಲಿನ 2ಬಿಯಿಂದ, ಅಂದರೆ ನಮಗೆ ಮಾರಿದವರು ತುಂಬಿದ ಬಿಲ್ಲುಗಳ ಪಟ್ಟಿಯಿಂದ. ಆದರೆ ಯಾರು ಎಷ್ಟು ಉದ್ರಿ ಉಳಿಸಿಕೊಂಡಿದ್ದಾರೆ ಎನ್ನುವುದು ಯಾವ ಪೋರ್ಟಲಿನಲ್ಲೂ ಇರುವುದಿಲ್ಲ. ಯಜಮಾನರು ಊರೂರು ತಿರುಗಿದರು. ಗದಗದ ಒಬ್ಬ ಹಳೇ ಗಿರಾಕಿ ಕಿಸೆಯಿಂದ ಡೈರಿ ತೆಗೆದು, ಸಾಲುಗಳ ಮೇಲೆ ಬೆರಳಿಟ್ಟು ಓದಿ, 41,300 ರೂಪಾಯಿ ಎಣಿಸಿ ಕೊಟ್ಟರು. ಇವರು ಅವರ ಅಂಗಡಿಯಲ್ಲೇ ಕೂತು ಅತ್ತರಂತೆ. ಇನ್ನು ಕೆಲವರು "ನಿಮ್ಮ ಪುಸ್ತಕ ತೋರಿಸಿ" ಅಂದರು. ತೋರಿಸಲು ನಮ್ಮ ಹತ್ತಿರ ಪುಸ್ತಕ ಎಲ್ಲಿತ್ತು?

ಇದಕ್ಕಿಂತ ಜಾಸ್ತಿ ನೋವಿನದು ಇನ್ನೊಂದಿದೆ. ಆ ಹುಡುಗನನ್ನು ಎಲ್ಲರೆದುರು ಬೈದೆವು. ಅವನು ಮಾರನೇ ದಿನದಿಂದ ಬರಲಿಲ್ಲ. ತಪ್ಪು ಅವನೊಬ್ಬನದಲ್ಲ. ಬ್ಯಾಕಪ್ ಆಗುತ್ತಿದೆಯಾ ಅಂತ ನಾವು ಒಂದು ದಿನವೂ ತೆಗೆದು ನೋಡಿರಲಿಲ್ಲ.

ಈಗ ದಿನಾ ಸಂಜೆ ಸಾಫ್ಟ್‌ವೇರಿನದೇ ಬ್ಯಾಕಪ್ ತೆಗೆಯುತ್ತೇನೆ. ಎರಡು ಹಾರ್ಡ್‌ಡಿಸ್ಕ್ ಇವೆ, ದಿನ ಬಿಟ್ಟು ದಿನ ಒಂದು. ಒಂದು ಯಾವಾಗಲೂ ನನ್ನ ಚೀಲದಲ್ಲಿ ಮನೆಗೆ ಬರುತ್ತದೆ. ಅದೇ ಬ್ಯಾಕಪ್ಪಿನ ಇನ್ನೊಂದು ಪ್ರತಿ ಬೇರೆ ಕ್ಲೌಡ್ ಖಾತೆಗೆ ಹೋಗುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಆ ಖಾತೆಗೆ ಲಾಗಿನ್ ಆಗುವುದೇ ಇಲ್ಲ. ತಿಂಗಳ ಮೊದಲ ಶನಿವಾರ ಹಳೇ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದು, ಒಬ್ಬ ಗಿರಾಕಿಯ ಬಾಕಿ ತಾಳೆ ನೋಡುತ್ತೇನೆ. ಹೆಚ್ಚಾಗಿ ಗದಗದವರದೇ.

— ಹುಬ್ಬಳ್ಳಿಯಿಂದ ಒಬ್ಬ ಓದುಗರು

*

ಬ್ಯಾಕಪ್ ತೆರೆದು ನೋಡುವ ಮಾತು ಬೇರೆ ಯಾವ ಪತ್ರದಲ್ಲೂ ಬರಲಿಲ್ಲ. ಮುಂದಿನದು ಚಿಕ್ಕದು, ಸ್ವಲ್ಪ ಖಾರ. ಆದರೆ ಓದಲೇಬೇಕಾದದ್ದು.

*

ನೀವು ಕಂಪನಿ ಮಾಡಿಕೊಂಡಿದ್ದೀರಿ. ಕಂಪನಿಯ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾವ ನಮೂದನ್ನು ಯಾವಾಗ ತಿದ್ದಿದರು ಎಂಬ ದಾಖಲೆ 2023ರ ಏಪ್ರಿಲ್ 1ರಿಂದ ಉಳಿಯಲೇಬೇಕು. ಅದನ್ನು ಆಫ್ ಮಾಡಲು ಆಗಬಾರದು. ಎಕ್ಸೆಲ್‌ನಲ್ಲಿ ಬಾಕಿ ಬರೆದರೆ ಆ ದಾಖಲೆ ಎಲ್ಲಿಂದ ಬರುತ್ತದೆ? ಕಂಪ್ಯೂಟರಿನಲ್ಲಿ ಇಟ್ಟ ಲೆಕ್ಕದ ಬ್ಯಾಕಪ್ ದಿನಾ ಭಾರತದಲ್ಲಿರುವ ಸರ್ವರಿಗೆ ಹೋಗಬೇಕು. ಪುಸ್ತಕಗಳನ್ನು 8 ವರ್ಷ ಕಾಯ್ದಿಡಬೇಕು. ಅತ್ತಿಗೆ, ಮೈದುನ ಕೂತು ಆಯ್ಕೆ ಮಾಡುವ ವಿಷಯ ಇದಲ್ಲ. ಈ ವಾರವೇ ನಿಮ್ಮ ಆಡಿಟರನ್ನು ನೋಡಿ.

— ಬೆಂಗಳೂರಿನ ಆಡಿಟರೊಬ್ಬರು

*

ನಾನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಲೆಕ್ಕ ಬರೆಯುವವರ ಕಷ್ಟವನ್ನೂ ಸ್ವಲ್ಪ ಕೇಳಿ ಮೇಡಂ. ನಿಮ್ಮ ವಹಿವಾಟು 5 ಕೋಟಿ ದಾಟಿದೆ, ಅಂದರೆ ಇನ್ನೊಬ್ಬ ವ್ಯಾಪಾರಿಗೆ ಮಾರಿದ ಪ್ರತಿ ಬಿಲ್ಲಿಗೂ ಇ-ಇನ್‌ವಾಯ್ಸ್ ಬೇಕು, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸಬೇಕು. 10 ಕೋಟಿ ದಾಟಿದವರು ಬಿಲ್ಲಿನ ತಾರೀಖಿನಿಂದ 30 ದಿನದೊಳಗೆ ಅದನ್ನು ಪೋರ್ಟಲಿಗೆ ಹಾಕಬೇಕು, ಈ ನಿಯಮ 2025ರ ಏಪ್ರಿಲ್‌ನಿಂದ ಇದೆ. ತಡವಾದರೆ ಪೋರ್ಟಲ್ ತೆಗೆದುಕೊಳ್ಳುವುದಿಲ್ಲ. ಹಳೇ ಪ್ರೋಗ್ರಾಮಿನಲ್ಲಿ ಒಂದು ಸಲ, ಪೋರ್ಟಲಿನಲ್ಲಿ ಇನ್ನೊಂದು ಸಲ ಟೈಪ್ ಮಾಡುತ್ತಾ ನಾನು ಎರಡು ವರ್ಷ ರಾತ್ರಿ ಒಂಬತ್ತಕ್ಕೆ ಮನೆಗೆ ಹೋಗಿದ್ದೇನೆ. ಜಿಎಸ್‌ಟಿ ನಂಬರಿನ 15 ಅಕ್ಷರದಲ್ಲಿ ಒಂದು ತಪ್ಪಿದರೂ ಮತ್ತೆ ಮೊದಲಿಂದ.

ಈಗ ಸಾಫ್ಟ್‌ವೇರಿನಿಂದಲೇ ಹೋಗುತ್ತದೆ, ಕ್ಯೂಆರ್ ಕೋಡ್ ಬಿಲ್ಲಿನ ಮೇಲೇ ಬರುತ್ತದೆ. ಟ್ಯಾಲಿಪ್ರೈಮ್, ಜೋಹೊ ಬುಕ್ಸ್ ಎರಡರಲ್ಲೂ ಈ ಅನುಕೂಲ ಇದೆ. ಜೋಹೊ ಬುಕ್ಸ್ ಓಡುವುದೇ ಕ್ಲೌಡಿನಲ್ಲಿ, ಚೀಟಿಯ ಫೋಟೊವನ್ನು ಆಯಾ ನಮೂದಿಗೇ ಸೇರಿಸಿ ಇಡಬಹುದು. ನಿಮ್ಮ ಮೈದುನರಿಗೆ ಬೇಕಾದದ್ದು ಅರ್ಧ ಅಲ್ಲೇ ಸಿಕ್ಕಿತು, ಅಲ್ವಾ?

— ತಿಪಟೂರು

*

ಕ್ಲೌಡ್ ತೆಗೆದುಕೊಳ್ಳಿ, ಬಿಡಿ. ಯಾರ ಹೆಸರಿನಲ್ಲಿ ಎನ್ನುವುದು ಮುಖ್ಯ. ನಮ್ಮ ಗೇರುಬೀಜ ಕಾರ್ಖಾನೆಯ ಐದು ವರ್ಷದ ಕಾಗದಪತ್ರ ಮ್ಯಾನೇಜರರ ಸ್ವಂತ ಜಿಮೇಲಿನಲ್ಲಿ ಇತ್ತು. ಅವರು ಕೆಲಸ ಬಿಟ್ಟಾಗ ಅದೂ ಅವರ ಜೊತೆಗೇ ಹೋಯಿತು. ಒಳ್ಳೆಯ ಮನುಷ್ಯ, ಕೇಳಿದ ಕೂಡಲೇ ಕೊಟ್ಟರು. ಕೊಡದಿದ್ದರೆ ನಾವು ಏನು ಮಾಡುವುದಿತ್ತು?

— ಮಂಗಳೂರು

*

ಕೊನೆಯ ಪತ್ರ ಇನ್‌ಲ್ಯಾಂಡ್ ಲೆಟರಿನಲ್ಲಿ ಬಂತು. ದುಡ್ಡಿನ ಖರ್ಚಿಲ್ಲದ ಸಲಹೆ.

*

ಅಮ್ಮಾ, ನಾನು 34 ವರ್ಷ ಅಡಿಕೆ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಕಂಪ್ಯೂಟರ್ ನನಗೆ ಬಾರದು. ವಾಟ್ಸಾಪಿನ ಚೀಟಿಗಳ ಬಗ್ಗೆ ಒಂದು ಮಾತು. ಚೀಟಿ ಮೇಲೆ ಬಿಲ್ ನಂಬರ್ ಇದೆಯೇ? ನಂಬರ್ ಇಲ್ಲದ ಚೀಟಿಯನ್ನು ಎಲ್ಲಿಟ್ಟರೂ ಹುಡುಕಲು ಸಿಗುವುದಿಲ್ಲ. ನಂಬರ್ ಬರೆಯದೆ ಮಾಲು ಗೋಡೌನಿನ ಬಾಗಿಲು ದಾಟಬಾರದು. ಇದನ್ನು ನಾಳೆಯೇ ಶುರು ಮಾಡಿ.

— ಶಿವಮೊಗ್ಗ

*

ಈ ಪತ್ರಗಳನ್ನು ದಾವಣಗೆರೆಯ ಓದುಗರಿಗೆ ಮೊದಲೇ ಕಳಿಸಿದ್ದೆವು. ಅತ್ತಿಗೆ, ಮೈದುನ ಇಬ್ಬರೂ ಕೂತು ಓದಿದರಂತೆ. ಆಡಿಟರ ಬಳಿ ಬುಧವಾರಕ್ಕೆ ಸಮಯ ಕೇಳಿದ್ದಾರೆ. ಅದಕ್ಕೂ ಮೊದಲು, ಈ ಭಾನುವಾರ ಅಂಗಡಿ ಬಾಗಿಲು ಹಾಕಿದ ಮೇಲೆ, ಹಳೇ ಪೆನ್‌ಡ್ರೈವಿನಲ್ಲಿರುವ ಬ್ಯಾಕಪ್ ತೆರೆಯುತ್ತದೆಯೋ ಇಲ್ಲವೋ ನೋಡುತ್ತೇವೆ ಎಂದು ಬರೆದಿದ್ದಾರೆ.